ಜನರೇಟರ್ ಕೆಟ್ಟಿದೆಯೋ, ಸೆನ್ಸರ್ ಸುಳ್ಳು ಹೇಳುತ್ತಿದೆಯೋ? ಮನೆಯ ಸ್ಟ್ಯಾಂಡ್‌ಬೈ ಜನರೇಟರ್ ನಿಗಾ: ದೋಷ ನಿವಾರಣೆ ಕೈಪಿಡಿ

ಮಲೆನಾಡಿನಲ್ಲಿ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಕರೆಂಟ್ ಬರಲು ಎರಡು ಮೂರು ದಿನ ಹಿಡಿಯುವುದು ಹೊಸದೇನಲ್ಲ. ತೋಟದ ಮನೆಯಲ್ಲಿ ವಯಸ್ಸಾದವರು, ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ. ಹಾಗಾಗಿ ಜನರೇಟರ್‌ಗೆ ನಾಲ್ಕಾರು ಸೆನ್ಸರ್ ಕಟ್ಟಿ ಫೋನಿನಲ್ಲಿ ನೋಡುವ ಏರ್ಪಾಡು ಈಗ ಸಾಮಾನ್ಯವಾಗುತ್ತಿದೆ. ತೊಂದರೆ ಶುರುವಾಗುವುದು ಫೋನು ಏನೋ ಒಂದು ಹೇಳಿ, ಮನೆಯವರು ಇನ್ನೊಂದು ಹೇಳಿದಾಗ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು 5ರಿಂದ 10 ಕೆವಿಎ ಸಿಂಗಲ್ ಫೇಸ್ ಡೀಸೆಲ್ ಜನರೇಟರ್, ಕರೆಂಟ್ ಹೋದರೆ ತಾನೇ ಶುರುವಾಗುವ ಎಎಂಎಫ್ ಪ್ಯಾನೆಲ್, 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ. ನಿಗಾಕ್ಕೆ ವೈಫೈ ಇರುವ ಪುಟ್ಟ ಕಂಟ್ರೋಲರ್ ಆದ ಇಎಸ್‌ಪಿ32 ಬೋರ್ಡು, ಜನರೇಟರ್ ಔಟ್‌ಪುಟ್‌ಗೆ ಪಿಝೆಡ್‌ಇಎಂ-004ಟಿ ಮೀಟರ್ ಮಾಡ್ಯೂಲ್, ಬ್ಯಾಟರಿ ವೋಲ್ಟೇಜ್ ಅಳೆಯಲು ಎರಡು ರೆಸಿಸ್ಟರ್, ಎಂಜಿನ್ ಬಳಿ ಡಿಎಸ್18ಬಿ20 ತಾಪ ಸೆನ್ಸರ್, ಎಲ್ಲವನ್ನೂ ಫೋನಿಗೆ ತೋರಿಸಲು ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶ. ಬೇರೆ ಕಂಪನಿಯ ಸಾಮಾನಿದ್ದರೂ ತರ್ಕ ಇದೇ: ಒಂದೇ ಅಂಕಿ ನೋಡಿ ತೀರ್ಮಾನಕ್ಕೆ ಬರಬೇಡಿ. ಎರಡು ಬೇರೆ ಬೇರೆ ಸೆನ್ಸರ್ ಒಂದೇ ಮಾತು ಹೇಳಿದರೆ ಜನರೇಟರ್ ನೋಡಿ; ಒಂದೇ ಸೆನ್ಸರ್ ಒಂಟಿಯಾಗಿ ಕೂಗುತ್ತಿದ್ದರೆ ಮೊದಲು ಅದರ ವೈರು ನೋಡಿ.

ಮುಟ್ಟುವ ಮೊದಲು

ಪ್ಯಾನೆಲ್‌ನ ಸ್ವಿಚ್ ‘ಆಟೋ’ ಸ್ಥಾನದಲ್ಲಿದ್ದರೆ ಜನರೇಟರ್ ಯಾವ ಕ್ಷಣದಲ್ಲಾದರೂ ಶುರುವಾಗುತ್ತದೆ. ಕ್ಯಾನೊಪಿ (ಜನರೇಟರ್ ಸುತ್ತಲಿನ ತಗಡಿನ ಗೂಡು) ತೆರೆಯುವ ಮೊದಲು ಈ ಸೆಲೆಕ್ಟರ್ ಸ್ವಿಚ್ ಆಫ್ ಮಾಡಿ, ಬ್ಯಾಟರಿ ಚಾರ್ಜರ್ ಆಫ್ ಮಾಡಿ, ಆಮೇಲೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಚಾರ್ಜರ್ ಮರೆಯುವವರೇ ಹೆಚ್ಚು. ಬ್ಯಾಟರಿ ಬಿಚ್ಚಿದ್ದರೂ ಮೇನ್ಸ್‌ನಿಂದ ಬರುವ ಚಾರ್ಜರ್ ಕಂಟ್ರೋಲ್ ಸರ್ಕ್ಯೂಟಿಗೆ 12 ವೋಲ್ಟ್ ಕೊಡುತ್ತಲೇ ಇರಬಹುದು. ಫೋನಿನಿಂದ ಸ್ಟಾರ್ಟ್ ಮಾಡುವ ಬಟನ್ ಇಟ್ಟಿದ್ದರೆ ಅದನ್ನೂ ನಿಷ್ಕ್ರಿಯಗೊಳಿಸಿ.

ಜನರೇಟರ್ ನಿಂತಿದ್ದರೂ ಪ್ಯಾನೆಲ್ ಒಳಗೆ ಮೇನ್ಸ್‌ನ 230 ವೋಲ್ಟ್ ಇರುತ್ತದೆ. ಪಿಝೆಡ್‌ಇಎಂ ಬೋರ್ಡಿನ ಸ್ಕ್ರೂಗಳು ಬಯಲಲ್ಲೇ ಇರುತ್ತವೆ, ಅವೂ ಲೈವ್. ಲೈವ್ ಪ್ಯಾನೆಲ್‌ನಲ್ಲಿ ಮೀಟರ್ ಹಿಡಿದು ಅಭ್ಯಾಸ ಇಲ್ಲದಿದ್ದರೆ ಆ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆ ಬೀಳುತ್ತದೆಂದು ಜನರೇಟರನ್ನು ಜಗುಲಿಗೋ ಕೊಟ್ಟಿಗೆಗೋ ಸರಿಸಿ ಓಡಿಸಬಾರದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಎಂಕ್ಯೂ-7 ಗ್ಯಾಸ್ ಸೆನ್ಸರ್ ಹವ್ಯಾಸಕ್ಕೆ ಸರಿ, ಪ್ರಾಣ ಕಾಯಲು ಸಾಲದು. ಮಲಗುವ ಕೋಣೆಗೆ ಪ್ರಮಾಣೀಕೃತ ಅಲಾರಂ ಬೇರೆಯೇ ಹಾಕಿ. ಜನರೇಟರ್ ಓಡುವಾಗ ಮನೆಯವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಸೆನ್ಸರ್ ಏನು ಹೇಳುತ್ತದೆಂದು ನೋಡುತ್ತ ಕೂರಬೇಡಿ. ಎಲ್ಲರೂ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ.

ಕರೆಂಟ್ ಹೋದ ಕೂಡಲೇ ಆ್ಯಪ್‌ನಲ್ಲಿ ಎಲ್ಲವೂ ಮಾಯ

ಅತಿ ಸಾಮಾನ್ಯ ದೂರು ಇದು, ಮತ್ತು ಬಹುತೇಕ ಸಲ ಜನರೇಟರ್‌ಗೂ ಇದಕ್ಕೂ ಸಂಬಂಧವಿಲ್ಲ. ಮನೆಯ ಎಲ್ಲ ಸಾಧನಗಳೂ ಒಟ್ಟಿಗೆ ಮಾಯವಾದರೆ ರೂಟರ್ ಅಥವಾ ಫೈಬರ್ ಪೆಟ್ಟಿಗೆ ಆಫ್ ಆಗಿದೆ. ಎರಡನ್ನೂ ಮನೆಯ ಯುಪಿಎಸ್ ಲೈನಿಗೆ ಸೇರಿಸಿ. ರೂಟರ್ ಮಾತ್ರ ಸೇರಿಸಿ ಫೈಬರ್ ಪೆಟ್ಟಿಗೆ ಬಿಟ್ಟರೆ ಪ್ರಯೋಜನವಿಲ್ಲ. ಎರಡು ಮೂರು ನಿಮಿಷ ಮಾಯವಾಗಿ ಮತ್ತೆ ಬಂದರೆ ಜನರೇಟರ್ ಶುರುವಾಗಿ ರೂಟರ್ ಮತ್ತೆ ಬೂಟ್ ಆಗಿದೆ ಎಂದರ್ಥ. ಮದ್ದು ಅದೇ ಯುಪಿಎಸ್. ಹೋಮ್ ಅಸಿಸ್ಟೆಂಟ್ ಓಡುವ ಪುಟ್ಟ ಕಂಪ್ಯೂಟರನ್ನೂ ಅಲ್ಲಿಗೇ ಹಾಕಿ, ಪದೇ ಪದೇ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಕೆಡುತ್ತದೆ.

ಉಳಿದದ್ದೆಲ್ಲ ಕಾಣುತ್ತಿದ್ದು ಜನರೇಟರ್ ಬೋರ್ಡು ಮಾತ್ರ ಕಾಣದಿದ್ದರೆ ಅದಕ್ಕೆ ಕರೆಂಟ್ ಎಲ್ಲಿಂದ ಎಂದು ನೋಡಿ. ಗೋಡೆಯ ಸಾಕೆಟ್ಟಿನ ಮೊಬೈಲ್ ಚಾರ್ಜರ್‌ನಿಂದ ಕೊಟ್ಟಿದ್ದರೆ ಬೇಕಾದ ಹೊತ್ತಿಗೇ ಸಾಯುತ್ತದೆ. ಜನರೇಟರ್ ಬ್ಯಾಟರಿಯಿಂದ 1 ಆಂಪಿಯರ್ ಫ್ಯೂಸ್ ಹಾಕಿ, 12ರಿಂದ 5 ವೋಲ್ಟ್‌ಗೆ ಇಳಿಸುವ ಬಕ್ ಕನ್ವರ್ಟರ್ ಮೂಲಕ ಕೊಡುವುದು ಸರಿಯಾದ ದಾರಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಬೋರ್ಡಿನ ಪಕ್ಕದಲ್ಲಲ್ಲ.

ಸೆಲ್ಫ್ ಹೊಡೆಯುವ ಕ್ಷಣದಲ್ಲೇ ಬೋರ್ಡು ಮಾಯವಾಗುತ್ತದೆಯೇ? ಬೋರ್ಡಿನ ಅಪ್‌ಟೈಮ್, ಅಂದರೆ ಅದು ಆನ್ ಆಗಿ ಎಷ್ಟು ಹೊತ್ತಾಯಿತು ಎಂಬ ಅಂಕಿ ನೋಡಿ. ಅದು ಸೊನ್ನೆಯಿಂದ ಶುರುವಾಗಿದ್ದರೆ ವೋಲ್ಟೇಜ್ ಕುಸಿದು ಬೋರ್ಡು ರೀಸೆಟ್ ಆಗಿದೆ. 5 ವೋಲ್ಟ್ ಬದಿಗೆ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದರೆ ಸಣ್ಣ ಕುಸಿತ ದಾಟುತ್ತದೆ. ಹಾಕಿಯೂ ರೀಸೆಟ್ ಆದರೆ ಬ್ಯಾಟರಿಯನ್ನೇ ಅನುಮಾನಿಸಿ.

ಅಪ್‌ಟೈಮ್ ಕಡಿಯದೆ ಬರೀ ಸಂಪರ್ಕ ಹೋಗಿ ಬರುತ್ತಿದ್ದರೆ ವೈಫೈ ದುರ್ಬಲ. ಕ್ಯಾನೊಪಿಯ ತಗಡು ಸಿಗ್ನಲ್ ತಡೆಯುತ್ತದೆ. ಬೋರ್ಡನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ತಗಡಿನ ಹೊರಗೆ ಕೂರಿಸಿ, ಸೆನ್ಸರ್ ವೈರು ಮಾತ್ರ ಒಳಗೆ ಹೋಗಲಿ. ಸಿಗ್ನಲ್ ಮೈನಸ್ 70 ಡಿಬಿಎಂಗಿಂತ ಉತ್ತಮವಿದ್ದರೆ ನೆಮ್ಮದಿ, ಮೈನಸ್ 80 ದಾಟಿದರೆ ನಂಬಿಕೆ ಬೇಡ.

ಊರಿನ ಇಂಟರ್ನೆಟ್ಟೇ ಸತ್ತರೆ ಮನೆಯೊಳಗಿಂದ ಯಾವ ಎಚ್ಚರಿಕೆಯೂ ಹೊರಬರುವುದಿಲ್ಲ. ಆದ್ದರಿಂದ ‘ಮನೆಯಿಂದ 15 ನಿಮಿಷ ಸುದ್ದಿಯಿಲ್ಲ’ ಎಂದು ಹೇಳುವ ವ್ಯವಸ್ಥೆ ಮನೆಯ ಹೊರಗೇ, ಬೇರೊಂದು ಸರ್ವರ್‌ನಲ್ಲಿ ಇರಬೇಕು.

ಜನರೇಟರ್ ನಿಂತಿದೆ, ಆ್ಯಪ್ 231 ವೋಲ್ಟ್ ತೋರಿಸುತ್ತಿದೆ

ಪಿಝೆಡ್‌ಇಎಂನ ಅಳೆಯುವ ಭಾಗಕ್ಕೆ ಶಕ್ತಿ ಬರುವುದು ಅದು ಅಳೆಯುತ್ತಿರುವ ಲೈನಿನಿಂದಲೇ. ಅದರ ಅಳತೆಯ ವ್ಯಾಪ್ತಿ 80ರಿಂದ 260 ವೋಲ್ಟ್. ಜನರೇಟರ್ ನಿಂತರೆ ಮಾಡ್ಯೂಲ್ ಸೊನ್ನೆ ಎಂದು ಹೇಳುವುದಿಲ್ಲ, ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ. ಆಗ ಪರದೆಯ ಮೇಲೆ ಕೊನೆಯ ಅಂಕಿ ಅಂಟಿಕೊಂಡು ಕೂರಬಹುದು. ಆ ಅಂಕಿ ಕೊನೆಯ ಬಾರಿ ಯಾವಾಗ ಬದಲಾಯಿತು ನೋಡಿ. ನಿಜವಾಗಿ ಓಡುತ್ತಿರುವ ಜನರೇಟರ್‌ನ ವೋಲ್ಟೇಜ್ ಹತ್ತು ಸೆಕೆಂಡ್ ಕೂಡ ಒಂದೇ ಕಡೆ ನಿಲ್ಲುವುದಿಲ್ಲ. ಬೋರ್ಡಿನೊಳಗಿನ ತಂತ್ರಾಂಶ ಇಎಸ್‌ಪಿಹೋಮ್ ಆಗಿದ್ದರೆ ಅದರ ಟೈಮ್‌ಔಟ್ ಫಿಲ್ಟರ್ 30 ಸೆಕೆಂಡಿಗೆ ಇಟ್ಟರೆ ಹಳಸಿದ ಅಂಕಿ ತಾನೇ ಅಳಿಯುತ್ತದೆ.

ಮೇನ್ಸ್ ಇದೆಯೋ ಇಲ್ಲವೋ ಎಂದು ಹೇಳುವ ಆಪ್ಟೊಕಪ್ಲರ್ ಮಾಡ್ಯೂಲ್‌ನದು ಬೇರೆ ಕತೆ. ಬೇರೆ ಲೈವ್ ವೈರಿನ ಪಕ್ಕದಲ್ಲೇ ಉದ್ದಕ್ಕೆ ಎಳೆದ ವೈರಿನಲ್ಲಿ ಪ್ರೇರಿತ ವೋಲ್ಟೇಜ್ ಕೂತು, ಕರೆಂಟ್ ಇಲ್ಲದಾಗಲೂ ‘ಇದೆ’ ಎನ್ನಿಸುತ್ತದೆ. ಅದರ ಜಾಗಕ್ಕೆ 230 ವೋಲ್ಟ್ ಕಾಯಿಲ್‌ನ ಸಣ್ಣ ರಿಲೇ ಹಾಕಿ. ಇಂಥ ಪೊಳ್ಳು ವೋಲ್ಟೇಜ್‌ಗೆ ಕಾಯಿಲ್ ಎಳೆಯುವುದಿಲ್ಲ.

ಎಂಜಿನ್ ನಿಂತಿರುವಾಗ ಅಂಕಿ ಅಲುಗಾಡುತ್ತಲೇ ಇದ್ದು, ಎಲೆಕ್ಟ್ರಿಷಿಯನ್ ಮೀಟರ್ ಹಿಡಿದರೂ ಜನರೇಟರ್ ಟರ್ಮಿನಲ್‌ನಲ್ಲಿ ನಿಜವಾಗಿ 230 ಇದ್ದರೆ ಅಲ್ಲಿಗೇ ನಿಲ್ಲಿಸಿ. ಮನೆಯನ್ನು ಮೇನ್ಸ್‌ನಿಂದ ಜನರೇಟರ್‌ಗೆ ಬದಲಿಸುವ ಸ್ವಿಚ್, ಅಂದರೆ ಚೇಂಜ್‌ಓವರ್ ಕಾಂಟ್ಯಾಕ್ಟರ್ ಅಂಟಿಕೊಂಡು ಮೇನ್ಸ್ ಹಿಂದಕ್ಕೆ ಹರಿಯುತ್ತಿದೆ. ಇದೇ ದೋಷ ತಿರುಗುಮುರುಗಾದರೆ ಜನರೇಟರ್‌ನ ಕರೆಂಟ್ ಹೊರಗಿನ ಲೈನಿಗೆ ಹೋಗಿ, ಕಂಬದ ಮೇಲಿರುವ ಲೈನ್‌ಮ್ಯಾನ್ ಜೀವಕ್ಕೆ ಎರವಾಗುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ, ಜನರೇಟರ್ ಲಾಕ್ ಮಾಡಿ. ಲೈನಿಗೆ ಹರಿದಿರುವ ಅನುಮಾನವಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ತಿಳಿಸಿ.

ಬ್ಯಾಟರಿ ವೋಲ್ಟೇಜ್ ದಿನೇ ದಿನೇ ಇಳಿಯುತ್ತಿದೆ

ಮನೆ ಜನರೇಟರ್ ಕೈಕೊಡುವ ಮೊದಲ ಕಾರಣ ಬ್ಯಾಟರಿ. ಒಂದೇ ಸೆನ್ಸರ್ ಹಾಕಲು ದುಡ್ಡಿದ್ದರೆ ಇಲ್ಲೇ ಹಾಕಿ.

ಚಾರ್ಜರ್ ಓಡುತ್ತಿರುವಾಗ 13.2ರಿಂದ 13.8 ವೋಲ್ಟ್ ಇರಬೇಕು. ಕರೆಂಟ್ ಇದ್ದೂ 12.7 ತೋರಿಸುತ್ತಿದ್ದರೆ ಬ್ಯಾಟರಿ ಚೆನ್ನಾಗಿದೆ ಎಂದು ಸಮಾಧಾನ ಪಡಬೇಡಿ, ಚಾರ್ಜರ್ ಕೆಲಸ ಮಾಡುತ್ತಿಲ್ಲ. ಅದರ ಫ್ಯೂಸ್, ಎಂಸಿಬಿ ಮೊದಲು ನೋಡಿ. ಚಾರ್ಜರ್ ಇಲ್ಲದೆ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿಯಲ್ಲಿ 12.6ರಿಂದ 12.7 ಎಂದರೆ ಪೂರ್ತಿ ತುಂಬಿದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ, 12.0 ಎಂದರೆ ಕಾಲು ಭಾಗ.

ಚಾರ್ಜರ್ ಸತ್ತಾಗ ನಿಗಾ ಬೋರ್ಡೇ ಬ್ಯಾಟರಿ ತಿನ್ನುತ್ತದೆ. ವೈಫೈ ಸಮೇತ ಇಎಸ್‌ಪಿ32 ಬಕ್ ಕನ್ವರ್ಟರ್ ಮೂಲಕ 12 ವೋಲ್ಟ್ ಬದಿಯಲ್ಲಿ ಸುಮಾರು 45ರಿಂದ 50 ಮಿಲಿ ಆಂಪಿಯರ್ ಎಳೆಯುತ್ತದೆ, ಅಂದರೆ ದಿನಕ್ಕೆ 1.1ರಿಂದ 1.2 ಆಂಪಿಯರ್ ಅವರ್. 35 ಆಂಪಿಯರ್ ಅವರ್ ಬ್ಯಾಟರಿ ಎರಡು ವಾರದಲ್ಲಿ ಅರ್ಧಕ್ಕಿಳಿಯುತ್ತದೆ. 12.4ಕ್ಕೆ ಎಚ್ಚರಿಕೆ ಇಟ್ಟರೆ ಸರಿಪಡಿಸಲು ಸಮಯ ಸಿಗುತ್ತದೆ, 11.8ಕ್ಕೆ ಇಟ್ಟರೆ ಸಿಗುವುದು ಸಾವಿನ ಸುದ್ದಿ ಮಾತ್ರ.

ಅಂಕಿ ಇಳಿಯದೆ ಸುಮ್ಮನೆ ಕುಣಿಯುತ್ತಿದ್ದರೆ ಅಳತೆಯ ದೋಷ. ಇಎಸ್‌ಪಿ32ರ ಅನಲಾಗ್ ಪಿನ್ನು ಸುಮಾರು 2.45 ವೋಲ್ಟ್ ಮೇಲೆ ನಿಖರವಲ್ಲ. 56 ಕಿಲೊ ಓಮ್ ರೆಸಿಸ್ಟರ್ ಬ್ಯಾಟರಿ ಪಾಸಿಟಿವ್ ಬದಿಗೆ, 10 ಕಿಲೊ ಓಮ್ ನೆಗೆಟಿವ್ ಬದಿಗೆ ಹಾಕಿ ನಡುವಿನಿಂದ ಪಿನ್ನಿಗೆ ಕೊಟ್ಟರೆ 14.4 ವೋಲ್ಟ್ ಪಿನ್ನಿಗೆ 2.18 ಆಗಿ ಬರುತ್ತದೆ, 16 ವೋಲ್ಟ್ ಬಂದರೂ 2.42, ಇದೇ ಸುರಕ್ಷಿತ ಜೋಡಿ. ಅನಲಾಗ್ ಪಿನ್ನುಗಳಲ್ಲಿ ಎಡಿಸಿ2 ಗುಂಪಿನವು ವೈಫೈ ಜೊತೆ ಕೆಲಸ ಮಾಡುವುದಿಲ್ಲ, 32ರಿಂದ 39ರ ನಡುವಿನ ಪಿನ್ನು ಬಳಸಿ. ನೆಗೆಟಿವ್ ವೈರನ್ನು ಎಂಜಿನ್ ಬಾಡಿಯಿಂದ ತೆಗೆಯದೆ ನೇರ ಬ್ಯಾಟರಿ ಟರ್ಮಿನಲ್‌ನಿಂದಲೇ ತೆಗೆಯಿರಿ. ಕೊನೆಗೆ ಮಲ್ಟಿಮೀಟರ್ ಜೊತೆ ಎರಡು ಕಡೆ, ಉದಾಹರಣೆಗೆ 12.5 ಮತ್ತು 13.7ರಲ್ಲಿ, ತಾಳೆ ನೋಡಿ ತಿದ್ದಿ.

ಸೆಲ್ಫ್ ಹೊಡೆಯುವಾಗಿನ ಕುಸಿತ ಬ್ಯಾಟರಿಯ ನಿಜವಾದ ಜಾತಕ. ನಿಮಿಷಕ್ಕೊಮ್ಮೆ ಓದುವ ಸೆನ್ಸರ್‌ಗೆ ಅದು ಕಾಣುವುದಿಲ್ಲ. 100 ಮಿಲಿ ಸೆಕೆಂಡಿಗೊಮ್ಮೆ ಓದಿ, ಆ ಅವಧಿಯ ಕನಿಷ್ಠ ಅಂಕಿಯನ್ನು ಮಾತ್ರ ಕಳುಹಿಸುವಂತೆ ಬರೆಯಿರಿ. ಕುಸಿತ 9.6 ವೋಲ್ಟ್ ಮೇಲೇ ನಿಂತರೆ ಸರಿ. ವಾರದ ಪರೀಕ್ಷೆಯಲ್ಲಿ 10.4 ಇದ್ದದ್ದು 10.0, 9.7 ಎಂದು ಜಾರುತ್ತಿದ್ದರೆ ಮಳೆಗಾಲಕ್ಕೆ ಮೊದಲೇ ಬ್ಯಾಟರಿ ಬದಲಿಸಿ. ಬದಲಿಸುವ ಮುನ್ನ ಟರ್ಮಿನಲ್ ನೋಡಿ: ಬಿಳಿ ಹಸಿರು ಪುಡಿ ಕೂತಿದ್ದರೆ ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಉಜ್ಜಿ, ಒಣಗಿಸಿ, ಬಿಗಿದು, ವ್ಯಾಸಲೀನ್ ಹಚ್ಚಿ. ಸೆಲ್ಫ್ ತಿರುಗುವಾಗ ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಸೆಲ್ಫ್ ಮೋಟರ್‌ನ ಬೋಲ್ಟಿಗೂ ನಡುವೆ ಮೀಟರ್ ಹಿಡಿದರೆ ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೆ ದೋಷ ಕೇಬಲ್‌ನದು. ಬ್ಯಾಟರಿ ಬಳಿ ಬೀಡಿ, ದೀಪ, ಕಿಡಿ ಬೇಡ. ಅದರಿಂದ ಹೊರಡುವ ಹೈಡ್ರೋಜನ್ ಸಿಡಿಯುತ್ತದೆ.

ಎಂಜಿನ್ ಓಡುವಾಗ 13.8ರಿಂದ 14.4ಕ್ಕೆ ಏರಬೇಕು. ಏರದಿದ್ದರೆ ಡೈನಮೋ ಅಥವಾ ಬೆಲ್ಟು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಕುದಿಯುತ್ತಿದೆ, ಕೂಡಲೇ ನಿಲ್ಲಿಸಿ.

ಕರೆಂಟ್ ಹೋಯಿತು, ಜನರೇಟರ್ ಶುರುವಾಗಲಿಲ್ಲ

ಬ್ಯಾಟರಿಯ ಅದೇ ಗ್ರಾಫ್ ತೆರೆಯಿರಿ. ಬೆಂಗಳೂರಿನಲ್ಲಿ ಕೂತೇ ಅರ್ಧ ಪತ್ತೆ ಮುಗಿಯುತ್ತದೆ.

ಕುಸಿತವೇ ಇಲ್ಲ: ಸೆಲ್ಫ್‌ಗೆ ಆಜ್ಞೆ ಹೋಗಿಲ್ಲ. ಸೆಲೆಕ್ಟರ್ ಆಟೋದಲ್ಲಿದೆಯೇ, ಕೆಂಪು ಎಮರ್ಜೆನ್ಸಿ ಬಟನ್ ಒತ್ತಿಕೊಂಡಿದೆಯೇ, ಹಿಂದಿನ ಸಲದ ಫಾಲ್ಟ್ ರೀಸೆಟ್ ಆಗದೆ ಉಳಿದಿದೆಯೇ ಎಂದು ಮನೆಯವರಿಂದ ನೋಡಿಸಿ. ಸರ್ವಿಸ್‌ನವರು ಬಂದು ಹೋದ ಮರುದಿನ ಇದಾದರೆ ಸ್ವಿಚ್ ಆಫ್‌ನಲ್ಲೇ ಉಳಿದಿರುವ ಸಾಧ್ಯತೆ ಹೆಚ್ಚು.

ಚೂರೇ ಕುಸಿತ, ಅರ್ಧ ವೋಲ್ಟ್‌ನೊಳಗೆ: ರಿಲೇ ಟಕ್ ಎಂದಿದೆ, ಸೆಲ್ಫ್ ತಿರುಗಿಲ್ಲ. ದೋಷ ಸೊಲೆನಾಯ್ಡ್‌ನದು (ಸೆಲ್ಫ್ ಮೋಟರ್‌ಗೆ ಕರೆಂಟ್ ಬಿಡುವ ಸ್ವಿಚ್) ಅಥವಾ ಅದರ ವೈರಿನದು. ಇಲಿ ಕಡಿದಿದೆಯೇ ನೋಡಿ. ಬೆಚ್ಚಗಿನ ಕ್ಯಾನೊಪಿ ಇಲಿಗೆ ಒಳ್ಳೆಯ ಮನೆ.

6, 7 ವೋಲ್ಟಿಗೆ ಧೊಪ್ಪನೆ ಬಿದ್ದಿದೆ: ಬ್ಯಾಟರಿ ಮುಗಿದಿದೆ, ಅಥವಾ ಎಂಜಿನ್ ಜಾಮ್ ಆಗಿದೆ. ಬೇರೆ ಬ್ಯಾಟರಿ ಹಾಕಿದರೂ ಹಾಗೇ ಬಿದ್ದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯದೆ ಮೆಕ್ಯಾನಿಕ್ ಕರೆಸಿ.

ಸರಿಯಾದ ಕುಸಿತ ಮೂರು ಸಲ, ಆಮೇಲೆ ಮೌನ: ಎಂಜಿನ್ ತಿರುಗಿದೆ, ಡೀಸೆಲ್ ಬಂದಿಲ್ಲ. ಮೂರು ಯತ್ನದ ನಂತರ ಎಎಂಎಫ್ ಸ್ಟಾರ್ಟ್ ಫೇಲ್ ಎಂದು ಕೈಬಿಡುವುದು ಸಾಮಾನ್ಯ ಸೆಟ್ಟಿಂಗ್. ಟ್ಯಾಂಕು, ಡೀಸೆಲ್ ಕಾಕು (ನಲ್ಲಿ), ವಾಟರ್ ಸೆಪರೇಟರ್‌ನ ತಳದಲ್ಲಿ ನೀರು, ಈ ಕ್ರಮದಲ್ಲಿ ನೋಡಿ. ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿಯಾಗಿದ್ದರೆ ಏರ್ ಹಿಡಿದಿರುತ್ತದೆ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈ ಪಂಪ್ ಒತ್ತಿ, ಬಿಗಿಯಿರಿ. ಇಂಜೆಕ್ಟರ್ ಪೈಪುಗಳನ್ನು ಮುಟ್ಟಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಗಾಯ ಚಿಕ್ಕದಾಗಿ ಕಂಡರೂ ತುರ್ತು ಚಿಕಿತ್ಸೆ ಬೇಕಾಗುತ್ತದೆ. ಸೆಲ್ಫ್ ಒಂದು ಸಲಕ್ಕೆ 10 ಸೆಕೆಂಡ್ ಮೀರಬಾರದು, ನಡುವೆ ಒಂದು ನಿಮಿಷ ಬಿಡಿ.

ಶುರುವಾಗಿ 10, 20 ಸೆಕೆಂಡಿನಲ್ಲಿ ತಾನೇ ನಿಂತರೆ ಆಯಿಲ್ ಪ್ರೆಷರ್ ಸ್ವಿಚ್ ನಿಲ್ಲಿಸಿರಬಹುದು. ಎಂಜಿನ್ ಆರಿದ ಮೇಲೆ ಡಿಪ್‌ಸ್ಟಿಕ್ ನೋಡಿ. ಆಯಿಲ್ ಸರಿಯಿದ್ದರೂ ನಿಂತರೆ ಸ್ವಿಚ್ ಕೆಟ್ಟಿರಬಹುದು, ಆಯಿಲ್ ಪಂಪ್ ಕೂಡ ಕೆಟ್ಟಿರಬಹುದು. ಯಾವುದೆಂದು ಗೇಜ್ ಹಾಕಿ ನೋಡುವುದು ಮೆಕ್ಯಾನಿಕ್ ಕೆಲಸ. ‘ಇವತ್ತೊಂದು ರಾತ್ರಿಗೆ’ ಎಂದು ಸ್ವಿಚ್ ವೈರ್ ತೆಗೆದು ಓಡಿಸಿದರೆ ಎಂಜಿನ್ನಿಗೆ ಅದೇ ಕೊನೆಯ ರಾತ್ರಿ.

ಓಡುತ್ತಿದೆ, ಆದರೆ ದೀಪ ಮಂಕು ಅಥವಾ ಮಿಣುಕು

ವೋಲ್ಟೇಜ್ ಮತ್ತು ಹರ್ಟ್ಜ್, ಎರಡನ್ನೂ ಒಂದೇ ಗ್ರಾಫಿನಲ್ಲಿ ಇಟ್ಟು ನೋಡಿ. ಹರ್ಟ್ಜ್ ಎಂದರೆ ಎಂಜಿನ್ ವೇಗವೇ: ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ನಾಲ್ಕು ಪೋಲ್‌ನದಾದರೆ ನಿಮಿಷಕ್ಕೆ 1500 ಸುತ್ತಿಗೆ 50 ಹರ್ಟ್ಜ್, ಎರಡು ಪೋಲ್‌ನಲ್ಲಿ 3000ಕ್ಕೆ 50. ಲೋಡ್ ಇಲ್ಲದಾಗ 52ರವರೆಗೆ ಇದ್ದು, ಲೋಡ್ ಬಿದ್ದಾಗ 50ರ ಆಸುಪಾಸಿಗೆ ಇಳಿಯುವುದು ಎಂಜಿನ್ ವೇಗ ಕಾಯುವ ಮೆಕ್ಯಾನಿಕಲ್ ಗವರ್ನರ್‌ನ ಸಹಜ ಗುಣ, ಅದಕ್ಕೆ ಅಲಾರಂ ಬೇಡ.

ಎರಡೂ ಒಟ್ಟಿಗೆ ಇಳಿದರೆ ಎಂಜಿನ್ ಸೋಲುತ್ತಿದೆ. ಮೊದಲು ಲೋಡ್ ನೋಡಿ: ಪಂಪ್‌ಸೆಟ್, ಗೀಸರ್ ಒಟ್ಟಿಗೆ ಬಿದ್ದಿದೆಯೇ? ಮೋಟರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಲೋಡ್ ತೆಗೆದರೂ 48ಕ್ಕಿಂತ ಕೆಳಗೇ ಇದ್ದರೆ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್. ಹರ್ಟ್ಜ್ ಸರಿಯಿದ್ದು ವೋಲ್ಟೇಜ್ ಮಾತ್ರ 190ಕ್ಕೆ ಇಳಿದರೆ ಎಂಜಿನ್ ನಿರಪರಾಧಿ. ವೋಲ್ಟೇಜ್ ಸಮ ಇಡುವ ಎವಿಆರ್ ಅಥವಾ ಆಲ್ಟರ್ನೇಟರ್‌ನ ಕೆಪಾಸಿಟರ್ ಕಡೆ ನೋಡಬೇಕು. ಕೆಪಾಸಿಟರ್ ಎಂಜಿನ್ ನಿಂತ ಮೇಲೂ ಶಾಕ್ ಹೊಡೆಯುತ್ತದೆ, ಬಿಚ್ಚಲು ಹೋಗಬೇಡಿ. ವೋಲ್ಟೇಜ್ 260ರ ಕಡೆ ಏರುತ್ತಿದ್ದರೆ ಫ್ರಿಜ್ಜು, ಟಿವಿ ಸುಡುವ ಮೊದಲು ಜನರೇಟರ್ ಎಂಸಿಬಿ ಇಳಿಸಿ.

ಹರ್ಟ್ಜ್ 49, 52, 49, 52 ಎಂದು ಉಯ್ಯಾಲೆಯಾಡುತ್ತಿದ್ದರೆ ಡೀಸೆಲ್‌ನಲ್ಲಿ ಏರ್, ಕಟ್ಟಿಕೊಂಡ ಫಿಲ್ಟರ್ ಅಥವಾ ಗವರ್ನರ್ ಲಿಂಕ್ ಬಿಗಿಯಾಗಿರುವುದು. ಮೊದಲ ಎರಡನ್ನು ನೀವೇ ನೋಡಬಹುದು. ಗವರ್ನರ್ ಸ್ಕ್ರೂ ತಿರುಗಿಸಿ ಗ್ರಾಫ್ ನೇರ ಮಾಡುವ ಆಸೆ ಬೇಡ.

ಎಂಜಿನ್ ಸದ್ದು ಕೇಳುತ್ತಿದೆ, ಪಿಝೆಡ್‌ಇಎಂ ಉತ್ತರವೇ ಕೊಡುತ್ತಿಲ್ಲ ಎಂದರೆ ಔಟ್‌ಪುಟ್ 80 ವೋಲ್ಟ್‌ಗಿಂತ ಕೆಳಗಿದೆ, ಅಥವಾ ಮಾಡ್ಯೂಲ್‌ನ ಫ್ಯೂಸ್ ಹೋಗಿದೆ. ತಿಂಗಳುಗಟ್ಟಲೆ ಓಡಿಸದ ಆಲ್ಟರ್ನೇಟರ್ ಕಾಂತತ್ವ ಕಳೆದುಕೊಂಡಿರಬಹುದು. ಬ್ಯಾಟರಿ ತಾಗಿಸಿ ಮತ್ತೆ ಎಬ್ಬಿಸುವ ವಿಧಾನವೊಂದಿದೆ, ಎವಿಆರ್ ಬಿಚ್ಚದೆ ಮಾಡಿದರೆ ಅದೇ ಸುಡುತ್ತದೆ, ಬಲ್ಲವರೇ ಮಾಡಲಿ. ಪಿಝೆಡ್‌ಇಎಂ 230 ತೋರಿಸುತ್ತಿದ್ದೂ ಮನೆ ಕತ್ತಲಾಗಿದ್ದರೆ ಎಂಸಿಬಿ ಅಥವಾ ಕಾಂಟ್ಯಾಕ್ಟರ್. ಇರುವೆ, ಹಲ್ಲಿ ಸಿಕ್ಕಿಕೊಂಡು ಕಾಂಟ್ಯಾಕ್ಟರ್ ಕೂರದಿರುವುದು ನಮ್ಮ ಕಡೆ ಮಾಮೂಲು.

ತಾಪಮಾನ ಏಕಾಏಕಿ 85, ಇಲ್ಲವೇ ಮೈನಸ್ 127

ಡಿಎಸ್18ಬಿ20 ಶಕ್ತಿ ಬಂದ ತಕ್ಷಣ ತೋರಿಸುವ ಆರಂಭಿಕ ಅಂಕಿಯೇ 85. ತಣ್ಣಗಿರುವ ಎಂಜಿನ್ ಒಮ್ಮೆಲೇ 27ರಿಂದ 85ಕ್ಕೆ ಹಾರಿ ಮರಳಿ 27ಕ್ಕೆ ಬಂದರೆ ಸೆನ್ಸರ್‌ಗೆ ಕರೆಂಟ್ ಕಡಿದು ಬಂದಿದೆ. ಮೈನಸ್ 127 ಎಂದರೆ ಸೆನ್ಸರ್ ಸಿಕ್ಕೇ ಇಲ್ಲ: ವೈರು ಕಿತ್ತಿದೆ ಅಥವಾ ಸಿಗ್ನಲ್ ವೈರಿಗೂ ಪಾಸಿಟಿವ್‌ಗೂ ನಡುವೆ ಇರಬೇಕಾದ 4.7 ಕಿಲೊ ಓಮ್ ಪುಲ್‌ಅಪ್ ರೆಸಿಸ್ಟರ್ ಬಿಟ್ಟುಹೋಗಿದೆ. ಈ ಸೆನ್ಸರ್‌ನ ಮಿತಿ 125 ಡಿಗ್ರಿ, ಸೈಲೆನ್ಸರ್‌ಗೆ ಕಟ್ಟಬೇಡಿ.

ತಾಪ ನಿಮಿಷ ನಿಮಿಷಕ್ಕೂ ಮೆಟ್ಟಿಲು ಹತ್ತಿದಂತೆ ಏರುತ್ತಿದ್ದರೆ ಅದು ನಿಜ. ಗಾಳಿ ಹೋಗುವ ಜಾಲರಿಗೆ ಎಲೆ, ಕಸ ಕಟ್ಟಿದೆಯೇ ನೋಡಿ. ನೀರಿನಿಂದ ತಣಿಯುವ ಎಂಜಿನ್ ಆದರೆ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಲೇಬೇಡಿ.

ಮನೆಯೆಲ್ಲ ಉರಿಯುತ್ತಿದೆ, ಲೋಡ್ ಮಾತ್ರ ಸೊನ್ನೆ

ಕರೆಂಟ್ ಅಳೆಯಲು ವೈರಿನ ಸುತ್ತ ಕೂರಿಸುವ ಪಿಝೆಡ್‌ಇಎಂನ ಸಿಟಿ ಬಳೆಯೊಳಗೆ ಫೇಸ್, ನ್ಯೂಟ್ರಲ್ ಎರಡೂ ವೈರು ಹಾದುಹೋಗಿವೆ. ಎರಡೂ ಒಂದನ್ನೊಂದು ಕಳೆದುಹಾಕುತ್ತವೆ. ಫೇಸ್ ಒಂದೇ ಇರಲಿ. ಬಳೆಯ ಬಾಯಿ ಪೂರ್ತಿ ಕೂತಿರದಿದ್ದರೆ ಅಂಕಿ ಕಡಿಮೆ ಬರುತ್ತದೆ. ಪ್ಯಾನೆಲ್‌ನಲ್ಲಿ ಮೊದಲೇ ಇರುವ 5 ಆಂಪಿಯರ್ ಸಿಟಿಯ ವೈರನ್ನು ಲೋಡ್ ಇರುವಾಗ ಬಿಚ್ಚಬಾರದು, ತೆರೆದ ತುದಿಗಳಲ್ಲಿ ಅಪಾಯದ ವೋಲ್ಟೇಜ್ ಹುಟ್ಟುತ್ತದೆ.

ಲೋಡ್ ಅಂಕಿ ಸರಿಯಿದ್ದು ಯಾವಾಗಲೂ ಸಾಮರ್ಥ್ಯದ 30 ಶೇಕಡಾಕ್ಕಿಂತ ಕೆಳಗೇ ಇದ್ದರೆ ಅದೂ ಒಂದು ಕಾಯಿಲೆ. ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರ್‌ನಲ್ಲಿ ಕಪ್ಪು ಜಿಡ್ಡು ಕಟ್ಟುತ್ತದೆ. ತಿಂಗಳಿಗೊಮ್ಮೆ ಗೀಸರ್ ಹಾಕಿ ಅರ್ಧ ಗಂಟೆ ಓಡಿಸಿ.

ಡೀಸೆಲ್ ಮಟ್ಟ ಕುಣಿಯುತ್ತಿದೆ

ನೀರು ತಾಗದಂತೆ ಮುಚ್ಚಿದ ಮಾದರಿಯ ಅಲ್ಟ್ರಾಸಾನಿಕ್ ಸೆನ್ಸರ್‌ಗೆ ಸಾಮಾನ್ಯವಾಗಿ 20, 25 ಸೆಂಟಿಮೀಟರ್‌ಗಿಂತ ಹತ್ತಿರದ್ದು ಕಾಣುವುದಿಲ್ಲ, ಸಣ್ಣ ಟ್ಯಾಂಕಿಗೆ ಅದು ಹೊಂದುವುದೇ ಇಲ್ಲ. ಎಂಜಿನ್ ಅದುರುವಾಗ ಅಂಕಿ ಕುಣಿಯುವುದು ಸಹಜ, ಐದು ನಿಮಿಷದ ಸರಾಸರಿ ತೆಗೆದುಕೊಳ್ಳಿ. ಇದಕ್ಕಿಂತ ಓಡಿದ ಯೂನಿಟ್ಟಿನ ಲೆಕ್ಕವೇ ನಂಬಿಕಸ್ಥ: ಸಣ್ಣ ಸೆಟ್ಟಿನಲ್ಲಿ ಯೂನಿಟ್ಟಿಗೆ ಸುಮಾರು 0.35ರಿಂದ 0.4 ಲೀಟರ್ ಹಿಡಿದು, ಎರಡು ಸಲ ಟ್ಯಾಂಕ್ ತುಂಬಿಸಿದಾಗ ನಿಮ್ಮದೇ ಅಂಕಿಗೆ ತಿದ್ದಿಕೊಳ್ಳಿ. ಪೆಟ್ರೋಲ್ ಜನರೇಟರ್‌ನ ಟ್ಯಾಂಕಿನೊಳಗೆ ಯಾವ ಹವ್ಯಾಸಿ ಎಲೆಕ್ಟ್ರಾನಿಕ್ಸೂ ಇಳಿಸಬಾರದು.

ಕರೆಂಟ್ ಇದ್ದಾಗಲೇ ಓಡುತ್ತಿದೆ

ಮೇನ್ಸ್ ಬದಿಗೂ ಮೀಟರ್ ಮಾಡ್ಯೂಲ್ ಹಾಕಿದ್ದರೆ ಅದರ ವೋಲ್ಟೇಜ್ ಗ್ರಾಫ್ ನೋಡಿ. ಸಂಜೆ ಪಂಪ್‌ಸೆಟ್ ಹೊತ್ತಿಗೆ 175ಕ್ಕೆ ಇಳಿಯುತ್ತಿದ್ದರೆ ಎಎಂಎಫ್ ತನ್ನ ಕೆಲಸ ಮಾಡಿದೆ. ಅದರ ಕಡಿಮೆ ವೋಲ್ಟೇಜ್ ಮಿತಿಯನ್ನು ಇಳಿಸುವ ಬದಲು ಮೆಸ್ಕಾಂಗೋ ನಿಮ್ಮ ಕಡೆಯ ಕಂಪನಿಗೋ ಗ್ರಾಫ್ ಸಮೇತ ದೂರು ಕೊಡಿ. ವೋಲ್ಟೇಜ್ 230 ಇದ್ದೂ ಓಡುತ್ತಿದ್ದರೆ ಎಎಂಎಫ್ ಮೇನ್ಸ್ ನೋಡುವ ವೈರಿನ ಸೆನ್ಸಿಂಗ್ ಫ್ಯೂಸ್ ಹೋಗಿರಬಹುದು. ಕರೆಂಟ್ ಬಂದ ಮೇಲೂ ಕೆಲವು ನಿಮಿಷ ಓಡುವುದು ಎಂಜಿನ್ ತಣಿಯಲು, ಅದು ದೋಷವಲ್ಲ.

ಎಚ್ಚರಿಕೆ ಬಂದು ಬಂದು ಯಾರೂ ನೋಡುತ್ತಿಲ್ಲ

ಮಿತಿಯ ಜೊತೆ ಕಾಯುವ ಸಮಯವನ್ನೂ ಇಡಿ. ಬ್ಯಾಟರಿ 12.4ಕ್ಕಿಂತ ಕೆಳಗೆ 10 ನಿಮಿಷ, ಹರ್ಟ್ಜ್ 48ಕ್ಕಿಂತ ಕೆಳಗೆ 20 ಸೆಕೆಂಡ್, ವೋಲ್ಟೇಜ್ 255ರ ಮೇಲೆ 3 ಸೆಕೆಂಡ್, ಕರೆಂಟ್ ಹೋಗಿ 90 ಸೆಕೆಂಡ್ ಆದರೂ ಜನರೇಟರ್ ವೋಲ್ಟೇಜ್ ಇಲ್ಲ: ಈ ನಾಲ್ಕು ಮಾತ್ರ ಗಂಟೆ ಬಾರಿಸಲಿ. ಡೀಸೆಲ್, ತಾಪ, ಓಡಿದ ಗಂಟೆಗಳು ದಿನಕ್ಕೊಮ್ಮೆ ಸಂದೇಶವಾಗಿ ಬಂದರೆ ಸಾಕು. ಗಂಟೆ ಬಾರಿಸುವ ಸಂದೇಶ ದೂರದ ಮಕ್ಕಳ ಜೊತೆ ಪಕ್ಕದ ಮನೆಯವರೊಬ್ಬರ ಫೋನಿಗೂ ಹೋಗಲಿ. ಎಮರ್ಜೆನ್ಸಿ ಬಟನ್ ಎಲ್ಲಿದೆ, ಜನರೇಟರ್ ಎಂಸಿಬಿ ಯಾವುದು ಎಂದು ಅವರಿಗೆ ಒಮ್ಮೆ ತೋರಿಸಿಟ್ಟಿರಿ.